ಬಾಂದೋಲ್‌ನ ರೆಡ್ ವೈನ್: ಕಾಯಲು ಒಪ್ಪಿದ ಒಂದು ಸೀಮೆ

(ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಮರುಕಳಿಸಿದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಲ್ಲಿ ವೈನ್ ಕುಡಿಯದವರೂ ತುಂಬಾ ಜನ ಇದ್ದೀರಿ. ನಾನು ಹೇಳಲು ಬಂದಿರುವುದರಲ್ಲಿ ಅರ್ಧ ವೈನಿನ ವಿಷಯ, ಇನ್ನರ್ಧ ಬೇಸಾಯದ ವಿಷಯ. ಹಾಗಾಗಿ ಎಲ್ಲರೂ ಧಾರಾಳವಾಗಿ ಕೇಳಬಹುದು.

ಒಂದೇ ಒಂದು ವೈನ್ ಬಗ್ಗೆ ಮಾತಾಡುತ್ತೇನೆ. ಫ್ರಾನ್ಸಿನ ದಕ್ಷಿಣ ಕರಾವಳಿಯಲ್ಲಿ ಮಾರ್ಸೇ ಮತ್ತು ತೂಲೋಂ ಎಂಬ ಎರಡು ಬಂದರು ಪಟ್ಟಣಗಳಿವೆ. ಇವೆರಡರ ನಡುವೆ ಬಾಂದೋಲ್ ಎಂಬ ಚಿಕ್ಕ ಊರು. ಅದರ ಹಿಂದೆ ಗುಡ್ಡಗಳು ಅರ್ಧ ಬಟ್ಟಲಿನಂತೆ ಸಮುದ್ರದ ಕಡೆ ಬಾಯಿ ತೆರೆದು ನಿಂತಿವೆ. ಆ ಗುಡ್ಡಗಳ ಮೇಲೆ ಬೆಳೆದ ದ್ರಾಕ್ಷಿಯ ವೈನಿಗೂ ಬಾಂದೋಲ್ ಎಂದೇ ಹೆಸರು. ಅಲ್ಲಿ ದೊಮೇನ್ ತಾಂಪಿಯೇ ಅಂತ ಒಂದು ತೋಟ ಇದೆ. ಅದರ ರೆಡ್ ವೈನ್ ಇವತ್ತಿನ ವಿಷಯ.

ಈ ವೈನನ್ನು ‘ಫುಲ್ ಬಾಡೀಡ್’ ಎನ್ನುತ್ತಾರೆ. ಬಾಯಲ್ಲಿ ತೂಕ ಇರುವ, ಮೈತುಂಬಿದ ವೈನ್. ಈ ಮಾತನ್ನು ಅಂಗಡಿಯವರೂ ಹೇಳುತ್ತಾರೆ, ಬಾಟಲಿಯ ಹಿಂದೆಯೂ ಬರೆದಿರುತ್ತಾರೆ. ಆದರೆ ಈ ತೂಕ ಎಲ್ಲಿಂದ ಬಂತು ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ಮದ್ಯಸಾರ ಜಾಸ್ತಿ ಇದ್ದರೆ ತೂಕ ಬರುತ್ತದೆ, ನಿಜ. ಬಾಂದೋಲ್ ರೆಡ್‌ನಲ್ಲಿ ಸಾಮಾನ್ಯವಾಗಿ ಶೇ. 14ರ ಆಸುಪಾಸು ಇರುತ್ತದೆ. ಆದರೆ ಅಷ್ಟೇ ಮದ್ಯಸಾರದ ಎಷ್ಟೋ ವೈನ್‌ಗಳು ಬಾಯಲ್ಲಿ ನೀರಾಗಿ ಹೋಗುತ್ತವೆ. ಇನ್ನೊಂದು ಮುಖ್ಯ ಕಾರಣ ಟ್ಯಾನಿನ್, ಅಂದರೆ ಒಗರು. ಹಣ್ಣಿನ ಸಿಪ್ಪೆ ಮತ್ತು ಬೀಜದಿಂದ ಇಳಿದುಬರುವ ಅಂಶ ಅದು. ನೇರಳೆ ಹಣ್ಣು ತಿಂದ ಮೇಲೆ ನಾಲಿಗೆ, ವಸಡು ಎಲ್ಲ ಹಿಡಿದಂತಾಗುತ್ತದಲ್ಲ, ಅದೇ ಒಗರು. ಎಳೆಯ ಬಾಂದೋಲ್‌ನಲ್ಲಿ ಅದು ಗಟ್ಟಿಯಾಗಿ, ಸ್ವಲ್ಪ ಒರಟಾಗಿಯೇ ಇರುತ್ತದೆ. ವರ್ಷ ಕಳೆದ ಹಾಗೆ ಮೆತ್ತಗಾಗುತ್ತದೆ. ಆದರೆ ಹೋಗಿಬಿಡುವುದಿಲ್ಲ.

ನನ್ನ ಪ್ರಕಾರ ಈ ವೈನಿನ ತೂಕಕ್ಕೆ ಮೂಲ ಕಾರಣ ಬೇರೆ. ಅಲ್ಲಿನ ರೈತರು ಎಲ್ಲಕ್ಕಿಂತ ತಡವಾಗಿ ಫಲ ಕೊಡುವ, ಎಲ್ಲಕ್ಕಿಂತ ಕಷ್ಟದ ತಳಿಯನ್ನು ಬೇಕೆಂದೇ ಆರಿಸಿಕೊಂಡರು. ಆಮೇಲೆ ಅದನ್ನು ಕಾನೂನೇ ಮಾಡಿಕೊಂಡರು. ಅದು ಹೇಗಾಯಿತು ಎಂದು ಹೇಳುತ್ತೇನೆ.

ತಳಿಯ ಹೆಸರು ಮೂರ್ವೆದ್ರ್. ಇದರ ಮೂಲ ಸ್ಪೇನ್. ಅಲ್ಲಿ ಇದನ್ನು ಮೊನಾಸ್ತ್ರೆಲ್ ಎನ್ನುತ್ತಾರೆ. ಕಾಯಿ ಚಿಕ್ಕದು, ಸಿಪ್ಪೆ ದಪ್ಪ, ಬಣ್ಣ ಕಡುಕಪ್ಪು. ಚಿಗುರುವುದೂ ತಡ, ಹಣ್ಣಾಗುವುದೂ ತಡ. ಅಕ್ಕಪಕ್ಕದ ತಳಿಗಳೆಲ್ಲ ಕೊಯ್ಲಾದ ಮೇಲೂ ಇದು ಬಿಸಿಲು ಕೇಳುತ್ತಲೇ ಇರುತ್ತದೆ. ಸೆಪ್ಟೆಂಬರ್ ಕೊನೆ, ಕೆಲವೊಮ್ಮೆ ಅಕ್ಟೋಬರ್‌ವರೆಗೂ ಕಾಯಬೇಕು. ಅಷ್ಟರಲ್ಲಿ ಮಳೆ ಬಂದರೆ ವರ್ಷದ ಕೂಳಿಗೇ ಕಲ್ಲು. ಪೂರ್ತಿ ಮಾಗದೆ ಕೊಯ್ದರಂತೂ ಹಸಿ ಸೊಪ್ಪಿನ ರುಚಿ, ಬರೀ ಒಗರು. ಫ್ರಾನ್ಸಿನ ಬಹಳ ಕಡೆ ಇದು ಸರಿಯಾಗಿ ಹಣ್ಣಾಗುವುದೇ ಇಲ್ಲ. ‘ಕಾಲು ನೀರಲ್ಲಿ, ತಲೆ ಬಿಸಿಲಲ್ಲಿ’ ಇರಬೇಕು ಎಂದು ಆ ಸೀಮೆಯವರು ಈ ತಳಿಯ ಬಗ್ಗೆ ಹೇಳುತ್ತಾರೆ. ಬಾಂದೋಲ್‌ನಲ್ಲಿ ಎರಡೂ ಸಿಗುತ್ತವೆ. ವರ್ಷಕ್ಕೆ ಸುಮಾರು 3,000 ಗಂಟೆ ಬಿಸಿಲು, ಬೇಸಿಗೆಯ ಧಗೆ ತಗ್ಗಿಸಲು ಸಮುದ್ರದ ಗಾಳಿ, ನೀರು ಹಿಡಿದಿಟ್ಟುಕೊಳ್ಳುವ ಜೇಡಿ ಬೆರೆತ ಸುಣ್ಣದ ಮಣ್ಣು. ಉತ್ತರದಿಂದ ಮಿಸ್ತ್ರಾಲ್ ಎಂಬ ಒಣಗಾಳಿ ಬೀಸಿ, ಮಳೆಯಾದ ಮೇಲೆ ಗೊಂಚಲುಗಳನ್ನು ಬೇಗ ಒಣಗಿಸುತ್ತದೆ. ಬೂಷ್ಟು ಹಿಡಿಯುವುದು ಕಡಿಮೆ.

ಗಿಡ ಹೇಗಿರುತ್ತದೆ ಎಂದು ಹೇಳಲೇಬೇಕು. ನಮ್ಮಲ್ಲಿ ದ್ರಾಕ್ಷಿ ಎಂದರೆ ಚಪ್ಪರ, ಕಂಬ, ತಂತಿ. ಅಲ್ಲಿಯ ಹಳೆಯ ಮೂರ್ವೆದ್ರ್‌ಗೆ ಇದ್ಯಾವುದೂ ಬೇಡ. ಮೊಣಕಾಲೆತ್ತರದ ಗಂಟುಗಂಟು ಬೊಡ್ಡೆ. ಅದರಿಂದ ನಾಲ್ಕೈದು ಕೊಂಬೆ ನೇರ ಮೇಲಕ್ಕೆ. ಈ ತಳಿಯ ರೆಂಬೆಗಳು ಬಾಗಿ ಹರಡುವುದಿಲ್ಲ, ನೆಟ್ಟಗೆ ನಿಲ್ಲುತ್ತವೆ. ಹಾಗಾಗಿ ಆಸರೆ ಇಲ್ಲದೆ ಪೊದೆಯಂತೆ ಬೆಳೆಸಬಹುದು. ಗೊಂಚಲುಗಳು ಒಳಗಡೆ, ನೆಲಕ್ಕೆ ಹತ್ತಿರ, ಎಲೆಯ ನೆರಳಿನಲ್ಲಿ ಇರುತ್ತವೆ. ಕೊಯ್ಯುವವರು ಪ್ರತಿ ಗಿಡಕ್ಕೂ ಬಗ್ಗಬೇಕು. ಯಂತ್ರದಿಂದ ಕೊಯ್ಯುವಂತಿಲ್ಲ, ನಿಯಮವೇ ಬಿಡುವುದಿಲ್ಲ. ಬಿಟ್ಟರೂ ಆ ಜಾಗದಲ್ಲಿ ಯಂತ್ರ ಓಡಿಸುವುದು ಕಷ್ಟ. ಏಕೆಂದರೆ ಗುಡ್ಡದ ಇಳಿಜಾರನ್ನು ಕಡಿದು ಮೆಟ್ಟಿಲು ಮೆಟ್ಟಿಲಾಗಿ ಪಟ್ಟಿ ಮಾಡಿದ್ದಾರೆ. ಒಂದೊಂದು ಪಟ್ಟಿಗೂ ಗಾರೆ ಹಾಕದೆ ಕಲ್ಲು ಜೋಡಿಸಿ ಕಟ್ಟಿದ ಗೋಡೆ ಇದೆ. ಪ್ರೊವಾನ್ಸ್ ಸೀಮೆಯಲ್ಲಿ ಇದಕ್ಕೆ ರೆಸ್ತಾಂಕ್ ಎನ್ನುತ್ತಾರೆ. ಮಳೆ ನೀರು ಕಲ್ಲುಗಳ ಸಂದಿನಿಂದ ಹರಿದುಹೋಗುತ್ತದೆ, ಮಣ್ಣು ಮಾತ್ರ ಅಲ್ಲೇ ನಿಲ್ಲುತ್ತದೆ. ಒಂದು ಕಲ್ಲು ಜಾರಿದರೆ ಯಾರಾದರೂ ಎತ್ತಿ ಕೂರಿಸಬೇಕು. ನಾಲ್ಕು ವರ್ಷ ಸುಮ್ನೆ ಬಿಟ್ಟರೆ ಗೋಡೆ ಕುಸಿದು ಗುಡ್ಡ ಮತ್ತೆ ಗುಡ್ಡವಾಗುತ್ತದೆ.

ಹಾಗೆ ಬಿಟ್ಟ ಕಾಲವೂ ಇತ್ತು. 18 ಮತ್ತು 19ನೇ ಶತಮಾನದಲ್ಲಿ ಬಾಂದೋಲ್ ಬಂದರಿನಿಂದ ವೈನಿನ ಪೀಪಾಯಿಗಳು ಹಡಗೇರಿ ದೂರದೂರಕ್ಕೆ ಹೋಗುತ್ತಿದ್ದವು. ಪೀಪಾಯಿಯ ಮೇಲೆ ‘ಬಿ’ ಅಕ್ಷರದ ಬರೆ. ಸಮುದ್ರದ ಕುಲುಕಾಟಕ್ಕೆ ಕೆಡದ ವೈನ್ ಎಂಬ ಹೆಸರು ಅದಕ್ಕಿತ್ತು. ಮೂರ್ವೆದ್ರ್‌ನ ಒಗರೇ ಅದನ್ನು ಕಾಯುತ್ತಿತ್ತು. ಆಮೇಲೆ 1860ರ ದಶಕದಲ್ಲಿ ಫಿಲೋಕ್ಸೆರಾ ಬಂತು. ಬೇರಿನ ರಸ ಹೀರುವ ಅತಿ ಚಿಕ್ಕ ಕೀಟ. ಅಮೆರಿಕದಿಂದ ತಂದ ದ್ರಾಕ್ಷಿ ಗಿಡಗಳ ಜೊತೆ ಬಂದು ದಕ್ಷಿಣ ಫ್ರಾನ್ಸಿನಿಂದಲೇ ಶುರುವಾಗಿ ದೇಶದ ದ್ರಾಕ್ಷಿ ತೋಟಗಳನ್ನೆಲ್ಲ ಒಣಗಿಸಿತು. ಔಷಧಿ ಸಿಗಲಿಲ್ಲ. ಸಿಕ್ಕ ದಾರಿ ಒಂದೇ: ಕೀಟಕ್ಕೆ ಬಗ್ಗದ ಅಮೆರಿಕದ ಕಾಡು ದ್ರಾಕ್ಷಿಯ ಬೇರಿನ ಮೇಲೆ ಯುರೋಪಿನ ತಳಿಯನ್ನು ಕಸಿ ಕಟ್ಟುವುದು. ನಮ್ಮ ವಿಜಯಪುರದ ಬೆಳೆಗಾರರಿಗೆ ಇದು ಹೊಸದಲ್ಲ. ಅವರು ಬರ ಮತ್ತು ಚೌಳು ನೀರು ತಡೆಯಲು ಬಳಸುವ ಡಾಗ್‌ರಿಡ್ಜ್ ಬೇರು ಕೂಡ ಅಮೆರಿಕ ಮೂಲದ್ದೇ.

ಮೂರ್ವೆದ್ರ್‌ಗೆ ನಿಜವಾದ ಪೆಟ್ಟು ಬಿದ್ದದ್ದು ಇಲ್ಲಿ. ಆಗ ಸಿಗುತ್ತಿದ್ದ ಬೇರುಗಳ ಮೇಲೆ ಬೇರೆ ತಳಿಗಳು ಚೆನ್ನಾಗಿ ಕೂಡಿಕೊಂಡವು, ಇದು ಕೂಡಿಕೊಳ್ಳಲಿಲ್ಲ. ಕಸಿ ಹಿಡಿಯದ, ಇಳುವರಿಯೂ ಕಡಿಮೆ ಕೊಡುವ ತಳಿಗೆ ಯಾರು ಕಾಯುತ್ತಾರೆ? ಸಾಲ ತೀರಿಸಬೇಕಾದ ರೈತ ಬೇಗ ಬೆಳೆಯುವ, ಗೊಂಚಲು ಗೊಂಚಲಾಗಿ ಸುರಿಯುವ ತಳಿಗಳನ್ನು ಬಯಲಿನಲ್ಲಿ ಹಾಕಿದ. ಅವನದು ತಪ್ಪೂ ಅಲ್ಲ. ಗುಡ್ಡದ ಪಟ್ಟಿಗಳು ಪಾಳು ಬಿದ್ದವು. ಬಾಂದೋಲ್ ಎಂಬ ಹೆಸರಿನಲ್ಲಿ ಹಿಂದಿನ ವೈನ್ ಉಳಿಯಲಿಲ್ಲ.

ಈಗ ತಾಂಪಿಯೇ ಮನೆಗೆ ಬರೋಣ. 1834ರಿಂದ ಆ ಕುಟುಂಬದ ಕೈಯಲ್ಲಿರುವ ತೋಟ ಅದು, ಲ ಕಾಸ್ತೆಲೇ ಎಂಬ ಹಳ್ಳಿಯ ಕೆಳಗೆ. ಆ ಮನೆಯ ಮಗಳು ಲೂಸಿ. ಎಲ್ಲರೂ ಲುಲು ಎಂದೇ ಕರೆಯುತ್ತಿದ್ದರು. 1936ರಲ್ಲಿ ಅವರು ಲೂಸಿಯಾಂ ಪೇರೋ ಎಂಬ ಯುವಕನನ್ನು ಮದುವೆಯಾದರು. ಲೂಸಿಯಾಂ ಈ ಸೀಮೆಯವರಲ್ಲ, ಸಾಂತ್ ಎತಿಯೆನ್ ಕಡೆಯವರು. ಬೇಸಾಯ ಓದಿದವರು. ಮಾವ ಒಂದು ಹಳೆಯ ಬಾಟಲಿ ತೆರೆದು ಅಳಿಯನಿಗೆ ರುಚಿ ತೋರಿಸಿದರಂತೆ. ಕೀಟ ಬರುವುದಕ್ಕೂ ಮುಂಚಿನ ಬಾಂದೋಲ್ ಅದು. ಮನೆಯವರು ಹೇಳಿಕೊಂಡು ಬಂದ ಕಥೆ ಇದು. ಹಿಂದೆ ಇಂಥದ್ದು ಇಲ್ಲೇ ಆಗುತ್ತಿತ್ತು ಎಂದಾದರೆ ಈಗ ಯಾಕೆ ಆಗುವುದಿಲ್ಲ ಎಂಬ ಪ್ರಶ್ನೆ ಲೂಸಿಯಾಂ ಅವರ ತಲೆಯಲ್ಲಿ ಕೂತುಬಿಟ್ಟಿತು.

1940ರಲ್ಲಿ ಗಂಡ ಹೆಂಡತಿ ಆ ತೋಟದ ಮನೆಗೆ ಬಂದು ನೆಲೆಸಿದರು. ಯುದ್ಧದ ಕಾಲ. ಲೂಸಿಯಾಂ ಮಾಡಿದ ಮೊದಲ ಕೆಲಸ ಊರಿನ ವಯಸ್ಸಾದ ರೈತರನ್ನು ಹುಡುಕಿ ಮಾತಾಡಿಸುವುದು. ನಿಮ್ಮ ಅಪ್ಪ ಏನು ಬೆಳೆಯುತ್ತಿದ್ದರು, ಯಾವ ಗುಡ್ಡದಲ್ಲಿ, ಎಷ್ಟು ಎಂದು ಕೇಳುವುದು. ಎಲ್ಲರ ಬಾಯಲ್ಲೂ ಬಂದ ಹೆಸರು ಮೂರ್ವೆದ್ರ್. ಅವರಿಗೆ ದಾರಿ ತೋರಿದ್ದು ಅದೇ. ಒಂದು ತಲೆಮಾರು ತಡವಾಗಿದ್ದರೆ ಆ ನೆನಪು ಹೇಳುವವರೇ ಇರುತ್ತಿರಲಿಲ್ಲ ಅಲ್ವಾ?

ಇಲ್ಲಿ ಅವರು ಮಾಡಿದ ಒಂದು ಕೆಲಸ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ತಮ್ಮ ತೋಟದಲ್ಲಿ ಮಾತ್ರ ಮೂರ್ವೆದ್ರ್ ನೆಟ್ಟು, ಒಳ್ಳೆ ವೈನ್ ಮಾಡಿ, ಒಳ್ಳೆ ರೇಟಿಗೆ ಮಾರಿಕೊಂಡು ಇರಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಅಕ್ಕಪಕ್ಕದವರನ್ನು ಕೂಡಿಸಿದರು. 1941ರ ನವೆಂಬರ್ 11ರಂದು ಬಾಂದೋಲ್‌ಗೆ ಅಪೆಲಾಸಿಯೋಂ ಸಿಕ್ಕಿತು. ನಮ್ಮ ಜಿಐ ಗುರುತಿಗೆ ಹತ್ತಿರದ ವ್ಯವಸ್ಥೆ. ಆದರೆ ಅದಕ್ಕಿಂತ ಬಿಗಿ. ಯಾವ ಊರು, ಯಾವ ತಳಿ, ಎಷ್ಟು ಇಳುವರಿ, ಎಷ್ಟು ತಿಂಗಳು ಮರದ ಪೀಪಾಯಿಯಲ್ಲಿ ಇಡಬೇಕು, ಎಲ್ಲ ಬರೆದಿಡುತ್ತಾರೆ. 1945ರಿಂದ 1982ರವರೆಗೆ ಲೂಸಿಯಾಂ ಅಲ್ಲಿನ ಬೆಳೆಗಾರರ ಸಂಘದ ಅಧ್ಯಕ್ಷರಾಗಿದ್ದರು. ಆ ವರ್ಷಗಳಲ್ಲಿ ಮೂರ್ವೆದ್ರ್ ಪಾಲನ್ನು ಹಂತ ಹಂತವಾಗಿ ಏರಿಸುತ್ತಾ ಹೋದರು. ಇವತ್ತು ಬಾಂದೋಲ್ ರೆಡ್ ಎಂದು ಹೆಸರು ಹಾಕಬೇಕಾದರೆ ಕನಿಷ್ಠ ಶೇ. 50 ಮೂರ್ವೆದ್ರ್ ಇರಲೇಬೇಕು. ಉಳಿದದ್ದು ಮುಖ್ಯವಾಗಿ ಗ್ರನಾಶ್ ಮತ್ತು ಸ್ಯಾನ್ಸೋ. ಬಿದ್ದ ಕಲ್ಲಿನ ಗೋಡೆಗಳನ್ನು ಮತ್ತೆ ಕಟ್ಟುವ ಕೆಲಸಕ್ಕೂ ಅವರೇ ಮುಂದೆ ನಿಂತರು.

ನಿಯಮಗಳನ್ನು ಸ್ವಲ್ಪ ಲೆಕ್ಕ ಹಾಕಿ ನೋಡಿ. ಹೆಕ್ಟೇರಿಗೆ ಕನಿಷ್ಠ 5,000 ಗಿಡ. ಹೆಕ್ಟೇರಿಗೆ ಹೆಚ್ಚೆಂದರೆ 40 ಹೆಕ್ಟೋಲೀಟರ್, ಅಂದರೆ 4,000 ಲೀಟರ್ ವೈನ್. ಭಾಗಿಸಿದರೆ ಒಂದು ಗಿಡಕ್ಕೆ ಮುಕ್ಕಾಲು ಲೀಟರಿಗಿಂತ ಚೂರು ಜಾಸ್ತಿ. ಸರಿಸುಮಾರು ಗಿಡಕ್ಕೊಂದು ಬಾಟಲಿ. ಇದು ಮೇಲ್ಮಿತಿ, ಹಳೆಯ ಗಿಡಗಳು ಇಷ್ಟೂ ಕೊಡುವುದಿಲ್ಲ. ಇನ್ನೊಂದು ನಿಯಮ: ನೆಟ್ಟು ಎಂಟನೇ ವರ್ಷದವರೆಗೆ ಆ ಗಿಡದ ಹಣ್ಣನ್ನು ರೆಡ್ ವೈನಿಗೆ ಬಳಸುವಂತಿಲ್ಲ. ಆಮೇಲೆ ಕನಿಷ್ಠ 18 ತಿಂಗಳು ಮರದಲ್ಲಿ. ಇವತ್ತು ಗಿಡ ನೆಟ್ಟವನ ಕೈಗೆ ಮೊದಲ ಬಾಟಲಿ ಬರುವಾಗ ಅವತ್ತು ಹುಟ್ಟಿದ ಮಗು ಐದನೇ ಕ್ಲಾಸಿಗೆ ಹತ್ತಿರ ಇರುತ್ತದೆ. ಇಂಥ ನಿಯಮವನ್ನು ಹೊರಗಿನವರು ಹೇರಿದ್ದರೆ ರೈತರು ಬೀದಿಗಿಳಿಯುತ್ತಿದ್ದರು. ಇದನ್ನು ಅವರೇ ಕೂತು ಒಪ್ಪಿಕೊಂಡದ್ದು.

ತಾಂಪಿಯೇ ತೋಟದಿಂದ ಮೊದಲು ಬಾಟಲಿಗೆ ಬಂದದ್ದು ರೆಡ್ ಅಲ್ಲ, 1943ರ ರೋಸೇ, ಅಂದರೆ ತಿಳಿ ಗುಲಾಬಿ ಬಣ್ಣದ ವೈನ್. ಮೊದಲ ರೆಡ್ 1951ರದು. ಅಷ್ಟು ವರ್ಷ ಕಾದರು.

ಈಗ ಮರದ ಪೀಪಾಯಿ ವಿಷಯ. ಇದು ನನಗೆ ತುಂಬಾ ಇಷ್ಟದ ಭಾಗ. ಬೇರೆ ಬೇರೆ ತಳಿಗಳಿಗೆ ಗಾಳಿಯ ಜೊತೆ ಬೇರೆ ಬೇರೆ ನಂಟು. ಗ್ರನಾಶ್‌ಗೆ ಗಾಳಿ ಆಗುವುದಿಲ್ಲ. ಸ್ವಲ್ಪ ಜಾಸ್ತಿ ತಾಗಿದರೂ ಬಣ್ಣ ಕಂದಿ, ಹಣ್ಣಿನ ವಾಸನೆ ಹೋಗುತ್ತದೆ. ಮೂರ್ವೆದ್ರ್ ಇದಕ್ಕೆ ಉಲ್ಟಾ. ಗಾಳಿ ಇಲ್ಲದೆ ಸ್ಟೀಲ್ ಟ್ಯಾಂಕಿನಲ್ಲಿ ಮುಚ್ಚಿಟ್ಟರೆ ಅದು ಉಸಿರುಗಟ್ಟಿ, ಬೇಯಿಸಿದ ಮೊಟ್ಟೆಯಂಥ ಗಂಧಕದ ವಾಸನೆ ಹಿಡಿಯುತ್ತದೆ. ಅದಕ್ಕೆ ನಿಧಾನವಾಗಿ, ದಿನಕ್ಕಿಷ್ಟು ಎಂದು ಗಾಳಿ ಬೇಕು. ಓಕ್ ಮರದ ಸಣ್ಣ ಸಣ್ಣ ರಂಧ್ರಗಳು ಮಾಡುವುದು ಅದನ್ನೇ. ಹಾಗೆಂದು ಹೊಸ ಚಿಕ್ಕ ಪೀಪಾಯಿಗೆ ಹಾಕಿದರೆ ಮರದ ವಾಸನೆಯೇ ಮೇಲಾಗುತ್ತದೆ. ಅದಕ್ಕೇ ಇವರು ಫೂದ್ರ್ ಎಂಬ ಭಾರೀ ಗಾತ್ರದ ಹಳೆಯ ಪೀಪಾಯಿಗಳನ್ನು ಬಳಸುತ್ತಾರೆ. ಒಂದೊಂದರಲ್ಲೂ ಸಾವಿರಾರು ಲೀಟರ್ ಹಿಡಿಯುತ್ತದೆ. ಆಳೆತ್ತರಕ್ಕೂ ಮೀರಿದ ಪೀಪಾಯಿಗಳು ಸಾಲಾಗಿ ನಿಂತಿರುತ್ತವೆ. ಅಷ್ಟು ವೈನಿಗೆ ತಾಗುವ ಮರ ಕಡಿಮೆ, ಹಾಗಾಗಿ ಮರದ ರುಚಿ ಬರುವುದಿಲ್ಲ, ಗಾಳಿ ಮಾತ್ರ ಸಿಗುತ್ತದೆ. ಕೊನೆಗೆ ಸೋಸದೆ ಬಾಟಲಿಗೆ ತುಂಬುತ್ತಾರೆ. ಹಳೆಯ ಬಾಟಲಿಯ ತಳದಲ್ಲಿ ಗಸಿ ಇರುವುದು ಅದಕ್ಕೇ. ಬಗ್ಗಿಸುವಾಗ ನಿಧಾನವಾಗಿ ಬಗ್ಗಿಸಿದರೆ ಆಯಿತು.

ತಾಂಪಿಯೇಯವರ ಜಮೀನು ಒಂದೇ ಕಡೆ ಇಲ್ಲ. ಮುಖ್ಯವಾದ ಮೂರು ಜಾಗಗಳ ಹೆಸರಿನಲ್ಲಿ ಬೇರೆ ಬೇರೆ ವೈನ್ ಬರುತ್ತದೆ. ತೂರ್ತೀನ್ ದಕ್ಷಿಣಕ್ಕೆ ಮುಖ ಮಾಡಿದ ಮೆಟ್ಟಿಲು ಗುಡ್ಡ, ಅಲ್ಲಿ ಮೂರ್ವೆದ್ರ್ ಪಾಲು ಜಾಸ್ತಿ. ಅದೇ ಗುಡ್ಡದ ಕೆಳಗೆ, ಮಿಸ್ತ್ರಾಲ್ ಗಾಳಿ ತಾಗದ ಬೆಚ್ಚನೆ ಮೂಲೆ ಕಬಾಸಾವು. ಅಲ್ಲಿ ಹೆಚ್ಚುಕಡಿಮೆ ಪೂರ್ತಿ ಮೂರ್ವೆದ್ರ್, ಎಲ್ಲಕ್ಕಿಂತ ಗಟ್ಟಿ ವೈನ್. ಮೂರನೆಯದು ಮಿಗುವಾ. ಅದರ ಬಗ್ಗೆ ಸ್ವಲ್ಪ ಹೇಳುತ್ತೇನೆ, ಏಕೆಂದರೆ ಆ ನೆಲ ವೈನ್ ಗೊತ್ತಿಲ್ಲದ ಭೂವಿಜ್ಞಾನಿಗಳಿಗೂ ಗೊತ್ತು.

ಮಿಗುವಾ ಇರುವುದು ಲ ಬೊಸ್ಸೇ ಎಂಬ ಊರಿನ ಹಳೆಯ ಗುಡ್ಡದ ಬಳಿ. ಸಾಮಾನ್ಯವಾಗಿ ಹಳೆಯ ಕಲ್ಲಿನ ಪದರ ಕೆಳಗೆ, ಹೊಸದು ಮೇಲೆ ಇರಬೇಕು. ಇಲ್ಲಿ ತಲೆಕೆಳಗು. ಸುಮಾರು 20 ಕೋಟಿ ವರ್ಷಕ್ಕೂ ಹಳೆಯದಾದ ಟ್ರಯಾಸಿಕ್ ಕಾಲದ ಕಲ್ಲು ಮೇಲಿದೆ, ಅದಕ್ಕಿಂತ ಎಷ್ಟೋ ಹೊಸದಾದ ಕ್ರಿಟೇಷಿಯಸ್ ಕಲ್ಲು ಕೆಳಗಿದೆ. ಇದು ಹೇಗಾಯಿತು ಎಂದು 1887ರಲ್ಲಿ ಮಾರ್ಸೆಲ್ ಬರ್ತ್ರಾಂ ಎಂಬ ಫ್ರೆಂಚ್ ಭೂವಿಜ್ಞಾನಿ ಬಿಡಿಸಿ ಹೇಳಿದರು. ಬೆಟ್ಟಗಳು ಏಳುವಾಗ ನೆಲದ ಪದರಗಳು ಮಡಚಿ, ಜಾರಿ, ಒಂದರ ಮೇಲೊಂದು ಹತ್ತಿ ಕೂತಿವೆ ಎಂದು. ಆಲ್ಪ್ಸ್‌ನಂಥ ಪರ್ವತಗಳು ಹೇಗೆ ಎದ್ದವು ಎಂದು ತಿಳಿಯುವ ಹಾದಿಯಲ್ಲಿ ಈ ಚಿಕ್ಕ ಗುಡ್ಡಕ್ಕೆ ದೊಡ್ಡ ಜಾಗ ಇದೆ. ಅಲ್ಲಿ ಮಣ್ಣು ಕೆಲವೇ ಹೆಜ್ಜೆಗೆ ಬಣ್ಣ ಬದಲಾಯಿಸುತ್ತದೆ. ತಳಿಗಳೂ ಅಲ್ಲಿ ಬೆರಕೆ. ಮೂರ್ವೆದ್ರ್ ಅರ್ಧದಷ್ಟು, ಉಳಿದದ್ದು ಗ್ರನಾಶ್, ಸ್ಯಾನ್ಸೋ ಇತ್ಯಾದಿ. ವೈನೂ ಹಾಗೇ ಸ್ವಲ್ಪ ಕಾಡು ಸ್ವಭಾವದ್ದು. ಒಣ ಗಿಡಮೂಲಿಕೆ, ಚರ್ಮ, ಕರಿಮೆಣಸಿನ ವಾಸನೆ. ನನಗೆ ಮೂರರಲ್ಲಿ ಇದೇ ಹೆಚ್ಚು ಇಷ್ಟ. ತೂಕದಲ್ಲಿ ಕಬಾಸಾವುಗಿಂತ ಕಡಿಮೆ. ಆದರೆ ತೂಕವೇ ಎಲ್ಲ ಅಲ್ಲವಲ್ಲ.

ಲುಲು ಪೇರೋ ಬಗ್ಗೆ ಹೇಳದೆ ಈ ತೋಟದ ಮಾತು ಮುಗಿಸಲಾಗದು. ಏಳು ಮಕ್ಕಳ ತಾಯಿ. ವೈನ್ ಕೊಳ್ಳಲು ಬಂದವರನ್ನು ಅವರು ಊಟಕ್ಕೆ ಕೂರಿಸುತ್ತಿದ್ದರು. ಅಂಗಳದಲ್ಲಿ ಸೌದೆ ಒಲೆ ಹಚ್ಚಿ ಬುಯಾಬೇಸ್ ಎಂಬ ಮೀನಿನ ಸಾರು ಮಾಡುತ್ತಿದ್ದರು. ಕೆಂಡದ ಮುಂದೆ ಕುರಿಯ ತೊಡೆ ಬೇಯುತ್ತಿತ್ತು. ಅಮೆರಿಕದಿಂದ ಬಂದು ಅದೇ ಸೀಮೆಯಲ್ಲಿ ನೆಲೆಸಿದ್ದ ರಿಚರ್ಡ್ ಆಲ್ನಿ, ಲುಲು ಅವರ ಅಡುಗೆಯ ಬಗ್ಗೆ ಬರೆದರು. ಬರ್ಕ್ಲಿಯ ಹೋಟೆಲಿನ ಆಲಿಸ್ ವಾಟರ್ಸ್, ವೈನ್ ವ್ಯಾಪಾರಿ ಕರ್ಮಿಟ್ ಲಿಂಚ್ ಎಲ್ಲ ಅಲ್ಲಿಗೆ ಬಂದು ಉಂಡವರೇ. ಬಾಂದೋಲ್ ಹೆಸರು ಅಮೆರಿಕಕ್ಕೆ ಹೋದದ್ದು ಹೀಗೆ ಊಟದ ಎಲೆಯ ಮುಂದಿನಿಂದ. ಲೂಸಿಯಾಂ 1996ರಲ್ಲಿ ತೀರಿಕೊಂಡರು. ಲುಲು 2020ರಲ್ಲಿ, ತಮ್ಮ 102ನೇ ವಯಸ್ಸಿನಲ್ಲಿ. ನಡುವೆ ಮಕ್ಕಳಾದ ಫ್ರಾನ್ಸ್ವಾ ತೋಟವನ್ನೂ ಜಾನ್ ಮರೀ ಪೀಪಾಯಿ ಮನೆಯನ್ನೂ ನೋಡಿಕೊಂಡರು. 2000ದಲ್ಲಿ ದಾನಿಯೆಲ್ ರಾವಿಯೇ ಎಂಬುವರು ಜವಾಬ್ದಾರಿ ವಹಿಸಿಕೊಂಡರು.

ಇಷ್ಟು ಹೇಳಿ ನಿಲ್ಲಿಸಿದೆ. ಆಮೇಲೆ ಬಂದ ಪ್ರಶ್ನೆಗಳಲ್ಲಿ ಮೂರು.

ಮೊದಲನೆಯದು ಒಬ್ಬ ದ್ರಾಕ್ಷಿ ಬೆಳೆಗಾರರದು. ನಮ್ಮಲ್ಲಿ ಮೂರ್ವೆದ್ರ್ ಬೆಳೆಯಬಹುದೇ? ಗಿಡ ಬೆಳೆಯುತ್ತದೆ. ಆದರೆ ಬಾಂದೋಲ್‌ನಲ್ಲಿ ಗಿಡ ಚಳಿಗಾಲವಿಡೀ ಎಲೆ ಉದುರಿಸಿ ಮಲಗಿ, ವಸಂತದಲ್ಲಿ ಎದ್ದು, ಇಡೀ ಬೇಸಿಗೆ ತೆಗೆದುಕೊಂಡು ಹಣ್ಣಾಗುತ್ತದೆ. ನಮ್ಮಲ್ಲಿ ಗಿಡಕ್ಕೆ ಆ ನಿದ್ದೆ ಇಲ್ಲ. ಏಪ್ರಿಲ್‌ನಲ್ಲಿ ಒಮ್ಮೆ, ಅಕ್ಟೋಬರ್ ಹೊತ್ತಿಗೆ ಒಮ್ಮೆ ಚಾಟ್ನಿ ಮಾಡಿ, ಅಂದರೆ ಕೊಂಬೆ ಸವರಿ, ಫಸಲು ತೆಗೆಯುತ್ತೇವೆ. ವೈನ್ ದ್ರಾಕ್ಷಿಯ ಕೊಯ್ಲು ಬರುವುದು ಚಳಿ ಮುಗಿದು ಬಿಸಿಲು ಏರುವ ಹೊತ್ತಿಗೆ. ನಂದಿ ಬೆಟ್ಟದ ಸುತ್ತ ಶಿರಾಜ್, ಕ್ಯಾಬರ್ನೆ ಹೊಂದಿಕೊಂಡಿವೆ. ಮೂರ್ವೆದ್ರ್ ಹಾಕಿದರೂ ಬರುವುದು ಬೇರೆಯೇ ವೈನ್. ಅದು ಚೆನ್ನಾಗಿಯೇ ಇರಬಹುದು, ಬಾಂದೋಲ್‌ನಂತೆ ಮಾತ್ರ ಇರುವುದಿಲ್ಲ.

ಎರಡನೆಯದು: ಇಷ್ಟೆಲ್ಲ ರೆಡ್ ಬಗ್ಗೆ ಹೇಳಿದಿರಿ, ಆದರೆ ಬಾಂದೋಲ್ ಹೆಸರಲ್ಲಿ ಜಾಸ್ತಿ ಸಿಗುವುದು ರೋಸೇ ಅಲ್ವಾ? ಹೌದು. ಅಲ್ಲಿ ಆಗುವ ವೈನಿನಲ್ಲಿ ಬಹುಪಾಲು ರೋಸೇಯೇ. ಕೊಯ್ಲಾದ ಮುಂದಿನ ಬೇಸಿಗೆಗೇ ಮಾರಾಟವಾಗುತ್ತದೆ, ಪ್ರವಾಸಿಗರು ಕಾದು ನಿಂತಿರುತ್ತಾರೆ. ರೆಡ್‌ಗೆ ಹಾಕಿದ ದುಡ್ಡು ವರ್ಷಗಟ್ಟಲೆ ಪೀಪಾಯಿಯಲ್ಲೇ ಇರುತ್ತದೆ. ರೋಸೇ ಮಾರಿದ ದುಡ್ಡಿನಿಂದ ರೆಡ್ ಮಾಡುವ ತೋಟಗಳಿವೆ, ಅದು ನ್ಯಾಯವೇ. ಆದರೆ ರೆಡ್‌ಗೆ ಬಿಟ್ಟ ಗುಡ್ಡದ ಪಟ್ಟಿಗಳೂ ರೋಸೇ ಕಡೆ ಹೋಗುತ್ತಾ ಇದ್ದರೆ ನನಗೆ ಬೇಸರ. ಲೂಸಿಯಾಂ ಆ ಗೋಡೆಗಳನ್ನು ಕಟ್ಟಿಸಿದ್ದು ಮೂರ್ವೆದ್ರ್ ರೆಡ್‌ಗಾಗಿ.

ಕೊನೆಯದು: ಎಲ್ಲಾದರೂ ಒಂದು ಬಾಟಲಿ ಸಿಕ್ಕಿದರೆ ಏನು ಮಾಡಬೇಕು? ಮೊದಲ ಸಲ ಕೊಳ್ಳುವವರು ಮಿಗುವಾ, ತೂರ್ತೀನ್ ಎಂದು ಹುಡುಕಬೇಡಿ. ಬೇರೆ ಬೇರೆ ಜಾಗದ ಹಣ್ಣು ಬೆರೆಸಿ ಮಾಡಿದ ಸಾಮಾನ್ಯ ರೆಡ್ ‘ಲುಲು ಎ ಲೂಸಿಯಾಂ’ ಎಂಬ ಹೆಸರಿನಲ್ಲಿ ಬರುತ್ತದೆ. ಅದರಿಂದ ಶುರು ಮಾಡಿ. ಹೊಸ ವರ್ಷದ್ದಾದರೆ ಕುಡಿಯುವ ಎರಡು ಗಂಟೆ ಮುಂಚೆ ತೆರೆದು, ಅಗಲ ಬಾಯಿಯ ಗಾಜಿನ ಹೂಜಿಗೆ ಬಗ್ಗಿಸಿಡಿ. ತೆರೆದ ಕೂಡಲೇ ಬರುವ ಮುಚ್ಚಿದ, ಸ್ವಲ್ಪ ಕೊಟ್ಟಿಗೆಯಂಥ ವಾಸನೆಗೆ ಹೆದರಬೇಡಿ, ಗಾಳಿ ಆಡಿದ ಮೇಲೆ ಕಪ್ಪು ಹಣ್ಣು, ಗಿಡಮೂಲಿಕೆ ಒಂದೊಂದಾಗಿ ಮೇಲೆ ಬರುತ್ತವೆ. ಬೆಂಗಳೂರಿನ ಬೇಸಿಗೆಯಲ್ಲಿ ರೂಮಿನ ಬಿಸಿ ಈ ವೈನಿಗೆ ಜಾಸ್ತಿ. 16ರಿಂದ 18 ಡಿಗ್ರಿ ಇದ್ದರೆ ಸರಿ, ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆಯಿರಿ. ಜೊತೆಗೆ ಖಾರ ಕಡಿಮೆ ಇರುವ ಮಟನ್ ಒಳ್ಳೆಯದು, ಏಕೆಂದರೆ ಖಾರಕ್ಕೆ ಒಗರು ಸೇರಿದರೆ ಬಾಯಿ ಉರಿಯುತ್ತದೆ. ತಣ್ಣಗಿನ ಜಾಗ ಇದ್ದು, ಎರಡು ಬಾಟಲಿ ಕೊಳ್ಳುವ ಶಕ್ತಿಯೂ ಇದ್ದರೆ ಒಂದನ್ನು ಈಗ ತೆರೆಯಿರಿ, ಇನ್ನೊಂದನ್ನು ಹತ್ತು ವರ್ಷ ಮಲಗಿಸಿಡಿ.